ಹಗ್ಗದ ಮೇಲೆ ಉರಿದದ್ದು

ಮೊದಲು ಯಾರ್ಡಿನಲ್ಲಿ ವ್ಯಾಗನ್ನುಗಳು ಒಂದಕ್ಕೊಂದು ಡಿಕ್ಕಿ ಕೊಟ್ಟು ಸಾಲುಗಟ್ಟುವ ಸದ್ದು, ದೂರದಿಂದ ಹತ್ತಿರಕ್ಕೆ ಓಡಿ ಬರುವ ಧಡ್ ಧಡ್ ಧಡ್. ಅದರ ಮೇಲೆ ಅವ್ವನ ದನಿ. ಅಪ್ಪ ಸೈಕಲ್ಲನ್ನು ಗೇಟು ದಾಟಿಸುವ ಹೊತ್ತಿಗೆ ಸರಿಯಾಗಿ ಅವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಕೂಗುತ್ತಿದ್ದಳು.

"ಮಾಮಾ, ಡಬ್ಬಿ ಬಿಟ್ಟ ಹೊಂಟ್ರಿ ನೋಡ್ರಿ."

ನಾಗಪುರದ ಅಜನಿ ರೈಲ್ವೆ ಕ್ವಾರ್ಟರ್ಸಿನ ಆ ಸಾಲಿನಲ್ಲಿ ಹೆಂಗಸರು ಗಂಡಂದಿರನ್ನು ಕರೆಯುವ ಬಗೆ ಒಂದೊಂದು ಮನೆಗೂ ಒಂದೊಂದು. ಪಕ್ಕದ ಮರಾಠಿ ಮನೆಯಲ್ಲಿ ‘ಅಹೋ’, ಎದುರಿನ ಹಿಂದಿಯವರಲ್ಲಿ ‘ಸುನಿಯೇ ಜೀ’, ಮೂಲೆಯ ಮನೆಯ ಆಂಗ್ಲೋ ಇಂಡಿಯನ್ ಗಾರ್ಡ್‌ನ ಹೆಂಡತಿ ಮಾತ್ರ ‘ಡಾರ್ಲಿಂಗ್’ ಎಂದು ಬೀದಿಗೆಲ್ಲ ಕೇಳುವಂತೆ. ನಮ್ಮವ್ವ ‘ಮಾಮಾ’ ಎನ್ನುತ್ತಿದ್ದಳು, ಏಕೆಂದರೆ ಅಪ್ಪ ಅವಳ ಸ್ವಂತ ಸೋದರಮಾವ, ಅವಳ ತಾಯಿಯ ಬೆನ್ನಿಗೆ ಬಿದ್ದ ತಮ್ಮ. ಮಾತು ಕಲಿತಾಗಿನಿಂದ ಹಾಗೆ ಕರೆದ ಬಾಯಿ, ತಾಳಿ ಕಟ್ಟಿಸಿಕೊಂಡ ಮಾತ್ರಕ್ಕೆ ತಿರುಗಲಿಲ್ಲ. ವಿಜಾಪುರದ ಕಡೆಯ ನಮ್ಮೂರಿನಲ್ಲಿ ಇದಕ್ಕೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಹುಡುಗಿಯ ಮೇಲೆ ಮೊದಲ ಹಕ್ಕು ಸೋದರಮಾವನದು, ಅವನು ಬೇಡವೆಂದರೆ ಮಾತ್ರ ಹೊರಗಿನವರ ಮಾತು. ನನ್ನ ಅಜ್ಜಿ ನನಗೆ ಅವ್ವನ ತಾಯಿಯೂ ಹೌದು, ಅಪ್ಪನ ಅಕ್ಕನೂ ಹೌದು. ಅವಳು ನಾಗಪುರಕ್ಕೆ ಬಂದರೆ ಅಪ್ಪನನ್ನು ತಮ್ಮನೆಂದು ಕಿವಿ ಹಿಂಡುವಂತೆ ಬೈಯುತ್ತಿದ್ದಳು, ಊಟದ ಹೊತ್ತಿಗೆ ಅಳಿಯನೆಂದು ನೆನಪಾಗಿ ಮಣೆ ಹಾಕುತ್ತಿದ್ದಳು. ನನಗೆ ಇದೆಲ್ಲ ನಮ್ಮ ಮನೆಯ ಉಪ್ಪಿನಕಾಯಿಯ ರುಚಿಯಷ್ಟೇ ಸಹಜವಾಗಿತ್ತು. ಅಷ್ಟೇ ಸಹಜವಾಗಿ ಇನ್ನೊಂದು ಮಾತೂ ಕಿವಿಗೆ ಬೀಳುತ್ತಿತ್ತು. ಅವ್ವನ ತಮ್ಮ ಶಂಕರಮಾಮಾ ನಮ್ಮ ಮನೆಯಲ್ಲೇ ಇದ್ದ. ನನ್ನ ಮೆಟ್ರಿಕ್ ಮುಗಿದ ಮೇಲೆ ನನ್ನನ್ನು ಅವನಿಗೆ ಕೊಡುವುದು ಎಂದು ನಾನು ತೊಟ್ಟಿಲಲ್ಲಿದ್ದಾಗಲೇ ಅಜ್ಜಿ ಮಾತಾಡಿಬಿಟ್ಟಿದ್ದಳು.

ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಸಿಮೆಂಟಿನ ಅಂಗಳ, ಅದರ ಮೂಲೆಗೆ ಬಚ್ಚಲು. ಮುಂದಿನ ಕೋಣೆಯಲ್ಲಿ ಅಪ್ಪನ ಮಂಚ, ಅದರ ಕೆಳಗೆ ಶಂಕರಮಾಮಾನ ಹಸಿರು ಟ್ರಂಕು. ಬೇಸಿಗೆಯಲ್ಲಿ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ಅದಕ್ಕೆ ನೀರೆರಚುವ ಕೆಲಸ ನನ್ನದು. ಆ ಒದ್ದೆ ವಾಸನೆ ಮೂಗಿಗೆ ಬಂದರೆ ನನಗೆ ಈಗಲೂ ಪರೀಕ್ಷೆಯ ರಿಸಲ್ಟಿನ ಭಯವಾಗುತ್ತದೆ. ಅಡುಗೆಮನೆಯಲ್ಲಿ ಇದ್ದಿಲಿನ ಶೇಗಡಿ, ಅದರ ಮೇಲೆ ಅವ್ವ ತಟ್ಟುವ ಜೋಳದ ರೊಟ್ಟಿ. ಶಂಕರಮಾಮಾ ವಾಡಿಯಲ್ಲಿ ಲಾರಿ ಆಫೀಸಿನ ಗುಮಾಸ್ತ. ಆಗ ವಾಡಿಯಲ್ಲಿ ಈಗಿನಷ್ಟು ಗೋದಾಮುಗಳಿರಲಿಲ್ಲ, ಅಮರಾವತಿ ರಸ್ತೆಗೆ ಅಂಟಿಕೊಂಡು ನಾಲ್ಕಾರು ಶೆಡ್ಡು, ಅಷ್ಟೇ. ಸಂಜೆ ಧೂಳು ಬಡಿದುಕೊಂಡು ಬಂದವನು ನನ್ನನ್ನು ಕೂರಿಸಿಕೊಂಡು ಸ್ಲೇಟಿನ ಮೇಲೆ ಕನ್ನಡ ಬರೆಸುತ್ತಿದ್ದ. ಕಾನ್ವೆಂಟಿನಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ, ಸಂತೆಯಲ್ಲಿ ಹಿಂದಿ. ಕನ್ನಡಕ್ಕೆ ಇದ್ದದ್ದು ಅವನ ಆ ಒಂದು ಸ್ಲೇಟು. ‘ಳ’ ಬರೆಯುವಾಗ ನಾನು ಸದಾ ಸುತ್ತು ತಪ್ಪುತ್ತಿದ್ದೆ.

"ಇದೇನ ಳ ಏನವಾ, ಜಿಲೇಬಿ? ನಿಮ್ಮ ಸಿಸ್ಟರ್ ಮುಂದ ಇಟ್ರ ತಿಂದ ಬಿಟ್ಟಾಳು."

ಈ ಸಹಜವೆಲ್ಲ ಒಂದು ಮಧ್ಯಾಹ್ನ ಮುರಿಯಿತು. ಪಕ್ಕದ ಮನೆಯ ಕುಂದಾ ನನ್ನ ವಾರಿಗೆಯವಳು, ಒಂದೇ ಕ್ಲಾಸು, ಒಂದೇ ರಿಕ್ಷಾ. ಕಟ್ಟೆಯ ಮೇಲೆ ಕೂತು ಉಪ್ಪು ಹಚ್ಚಿದ ಬಾರೆಹಣ್ಣು ತಿನ್ನುತ್ತ ಅವಳು ಮರಾಠಿಯಲ್ಲಿ, ಸುಮ್ಮನೆ ಕುತೂಹಲಕ್ಕೆ, ಕೇಳಿದಳು: ನಿಮ್ಮಮ್ಮ ನಿಮ್ಮಪ್ಪನಿಗೆ ಮಾಮಾ ಅಂತ ಯಾಕೆ ಕರೆಯುತ್ತಾಳೆ? ನಾನು ಹೆಮ್ಮೆಯಿಂದಲೇ ಹೇಳಿದೆ, ಮಾಮಾನೇ ಅಲ್ಲವೇ ಅದಕ್ಕೆ, ಅಜ್ಜಿಯ ತಮ್ಮ. ಕುಂದಾ ಬಾಯಲ್ಲಿದ್ದ ಬೀಜವನ್ನು ಅಂಗೈಗೆ ಉಗುಳಿದಳು. ಅವರಲ್ಲಿ ಮದುವೆಯ ಹೊತ್ತಿಗೆ ಸೋದರಮಾವ ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತಂದು ಅವಳ ಬೆನ್ನ ಹಿಂದೆ ನಿಲ್ಲುತ್ತಾನೆ, ತಂದೆಗೆ ಸಮಾನನಾಗಿ. ಅವನೇ ಎದುರಿಗೆ ನಿಂತು ಹಾರ ಹಾಕುವುದನ್ನು ಅವಳಿಗೆ ಕಲ್ಪಿಸಿಕೊಳ್ಳಲೂ ಆಗಲಿಲ್ಲ.

"ಶೀ," ಎಂದಳು, ಬಹಳ ಮೆಲ್ಲಗೆ. "ಆಣಿ ತೂ? ತುಝಾ ಶಂಕರಮಾಮಾ?"

ಮತ್ತೆ ನೀನು, ನಿನ್ನ ಶಂಕರಮಾಮಾ, ಎಂದು ಆ ಪ್ರಶ್ನೆ. ಕುಂದಾ ಕೆಟ್ಟ ಹುಡುಗಿಯಲ್ಲ, ಯಾರ ಮುಂದೆಯೂ ಆಡಿಕೊಳ್ಳಲಿಲ್ಲ, ತನ್ನ ತಾಯಿಗೆ ಮಾತ್ರ ಹೇಳಿದಳು. ಮರುದಿನ ನಲ್ಲಿಯ ಹತ್ತಿರ ಆ ತಾಯಿ ಅವ್ವನಿಗೆ ತನ್ನ ಸರದಿ ಬಿಟ್ಟುಕೊಟ್ಟಳು, ಕಾಯಿಲೆಯವರಿಗೆ ಬಿಟ್ಟುಕೊಡುವ ಹಾಗೆ. ನಾನು ಕೊಡ ಹಿಡಿದು ಹಿಂದೆಯೇ ನಿಂತಿದ್ದೆ. ನೆತ್ತಿಯಿಂದ ಹಿಮ್ಮಡಿಯವರೆಗೆ ಬಿಸಿಯಾದದ್ದು ಬಿಸಿಲಿಗಲ್ಲ. ಅಂದು ಸಂಜೆ ಅವ್ವನಿಗೆ ಹೇಳಿದೆ, ಅಪ್ಪನನ್ನು ಹಾಗೆ ಕರೆಯಬೇಡ. ಅವಳು ಏಕೆಂದು ಕೇಳಲಿಲ್ಲ. ನಲ್ಲಿಯ ಹತ್ತಿರ ಅವಳಿಗೂ ಕಣ್ಣಿದ್ದವು. ಮರುದಿನದಿಂದ ‘ಏನ್ರೀ’ ಎಂದು ಅಭ್ಯಾಸ ಮಾಡತೊಡಗಿದಳು. ಅಪ್ಪ ಆ ಕೂಗು ತನಗೆಂದು ತಿಳಿಯದೆ ಡಬ್ಬಿಯಿಲ್ಲದೆ ಹೋಗುತ್ತಿದ್ದ. ಶಂಕರಮಾಮಾ ತನ್ನ ಕೆಲಸಕ್ಕೆ ಹೋಗುವಾಗ ಅದನ್ನು ಯಾರ್ಡಿಗೆ ಒಯ್ದು ಕೊಡುತ್ತಿದ್ದ.

ನಮ್ಮ ಮನೆಯಲ್ಲಿ ಮುಚ್ಚಿಡುವ ಸಂಗತಿ ಇನ್ನೊಂದಿತ್ತು. ಅದು ನನ್ನ ಮೈಯದು. ಹುಟ್ಟಿದಾಗಿನಿಂದ ನನ್ನ ಒಳಬಟ್ಟೆಗಳ ಮೇಲೆ ಒಂದು ಕಲೆ ಬೀಳುತ್ತಿತ್ತು. ಬೀಳುವಾಗ ಅದು ಕಾಣುತ್ತಿರಲಿಲ್ಲ. ಅವ್ವ ಬಟ್ಟೆಯನ್ನು ವಾಷಿಂಗ್ ಸೋಡಾದಲ್ಲಿ ನೆನೆಸಿ, ಒಗೆದು, ಹಗ್ಗಕ್ಕೆ ಹಾಕಿದ ಮೇಲೆ ಮೆಲ್ಲಗೆ ಚಹಾದ ಬಣ್ಣಕ್ಕೆ, ಆಮೇಲೆ ಮಸಿಯ ಬಣ್ಣಕ್ಕೆ ತಿರುಗುತ್ತಿತ್ತು. ತೊಳೆದಷ್ಟೂ ಕಪ್ಪು. ಅವ್ವ ಸೋಡಾ ಹೆಚ್ಚಿಸುತ್ತಿದ್ದಳು, ಕಲೆಯೂ ಹೆಚ್ಚುತ್ತಿತ್ತು. ಬಸುರಿಯಿದ್ದಾಗ ಗ್ರಹಣದ ಹೊತ್ತಿನಲ್ಲಿ ಮಸಿಯ ಪಾತ್ರೆ ತಿಕ್ಕಿದ್ದಕ್ಕೇ ಹೀಗೆ ಎಂದು ಅವಳು ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದಳು. ಆದ್ದರಿಂದ ನನ್ನ ಪೆಟಿಕೋಟುಗಳಿಗೆ ಅಂಗಳದ ಹಗ್ಗವಿರಲಿಲ್ಲ. ಬಚ್ಚಲಿನೊಳಗೆ, ನೀರಿನ ಹಂಡೆಯ ಮೇಲೆ ಒಂದು ತುಂಡು ಹಗ್ಗ. ನಾಗಪುರದ ಆ ಉರಿಬಿಸಿಲಿನಲ್ಲಿ ಇಡೀ ಸಾಲಿನ ಬಟ್ಟೆಗಳು ಹಪ್ಪಳದಂತೆ ಒಣಗುತ್ತಿದ್ದಾಗ ನಾನು ಮಾತ್ರ ಸದಾ ಅರೆ ಒದ್ದೆಯಾದದ್ದನ್ನು ಉಟ್ಟು ಸ್ಕೂಲಿಗೆ ಹೋಗುತ್ತಿದ್ದೆ. ಒಮ್ಮೆ ಅವ್ವ ಧೈರ್ಯ ಮಾಡಿ ಯಾವುದೋ ದವಾಖಾನೆಗೆ ಕರೆದೊಯ್ದಳು. ಅಲ್ಲಿಯ ಕಂಪೌಂಡರ್ ನೀಲಿ ದ್ರಾವಣದಲ್ಲಿ ನನ್ನ ಮೂತ್ರ ಹಾಕಿ ಕುದಿಸಿ, ಬಣ್ಣ ತಿರುಗಿದ್ದನ್ನು ನೋಡಿ, ಸಕ್ಕರೆ ಕಾಯಿಲೆ ಎಂದುಬಿಟ್ಟ. ನನ್ನ ಮೈಯಲ್ಲಿದ್ದ ಬೇರೊಂದು ವಸ್ತುವೂ ಆ ನೀಲಿಯನ್ನು ಹಾಗೆಯೇ ತಿರುಗಿಸಬಲ್ಲದು ಎಂದು ಅವನಿಗೇನು ಗೊತ್ತು. ಅಂದಿನಿಂದ ಹೋಳಿಗೆ ಇಲ್ಲ, ಬೆಲ್ಲ ಇಲ್ಲ, ಚಹಾಕ್ಕೂ ಸಕ್ಕರೆ ಇಲ್ಲ. ಶಂಕರಮಾಮಾ ಪಗಾರದ ದಿನ ತರುತ್ತಿದ್ದ ಕಿತ್ತಳೆ ಬರ್ಫಿಯನ್ನು ತರುವುದು ಬಿಟ್ಟ, ತಾನೂ ಸಿಹಿ ತಿನ್ನುವುದು ಬಿಟ್ಟ.

"ನನಗೂ ಹಲ್ಲ ನೋವು ಐತಿ, ಬಿಡು," ಎಂದ.

ಒಂದು ಸಲ ಕಾಮಠಿಯ ಮಗ್ಗದವರಿಂದ ಕಡುನೀಲಿ ಬಟ್ಟೆಯ ತಾನೊಂದನ್ನು ತಂದು ಅವ್ವನ ಮುಂದೆ ಇಟ್ಟು, ಪರದೆಗೆ ಆಗ್ತೈತೇನ ನೋಡು, ಎಂದು ಹೊರಗೆ ಹೋದ. ನಮ್ಮ ಮನೆಗೆ ಪರದೆ ಹಾಕುವಂಥ ಕಿಟಕಿಯೇ ಇರಲಿಲ್ಲ. ಅವ್ವ ಅದರಲ್ಲಿ ನನಗೆ ಪೆಟಿಕೋಟು ಹೊಲಿದಳು. ಅವನಿಗೂ ತಿಳಿದಿದೆ ಎಂದು ಅಂದು ನನಗೆ ಗೊತ್ತಾಯಿತು. ನೀಲಿ ಪೆಟಿಕೋಟಿನ ಉಪಕಾರಕ್ಕಿಂತ ಆ ತಿಳಿವಳಿಕೆಯೇ ನನ್ನನ್ನು ಸುಟ್ಟಿತು. ಒಂದು ವಾರ ನಾನು ಸ್ಲೇಟು ಹಿಡಿಯಲಿಲ್ಲ.

ಆದರೆ ಕಾನ್ವೆಂಟಿನ ಬಿಳಿ ಯೂನಿಫಾರ್ಮಿನ ಕೆಳಗೆ ನೀಲಿ ಉಡುವಂತಿರಲಿಲ್ಲ. ಮೆಟ್ರಿಕ್ಕಿನ ವರ್ಷ ನಮ್ಮ ಸೈನ್ಸ್ ಟೀಚರ್ ಸಿಸ್ಟರ್ ಕ್ಲೇರ್ ಒಂದು ದಿನ ಪೆಟಿಕೋಟಿನ ಅಂಚಿನ ಕಲೆ ಕಂಡು ನನ್ನನ್ನು ಕಾರಿಡಾರಿಗೆ ಕರೆದು, ಮನೆಯಲ್ಲಿ ನೀರಿನ ತೊಂದರೆಯೇ, ಸ್ನಾನ ಸರಿಯಾಗಿ ಆಗುತ್ತದೆಯೇ ಎಂದು ಕೇಳಿದರು. ಕೈಗೆ ಒಂದು ಕಾರ್ಬಾಲಿಕ್ ಸೋಪು ಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು, ಅದು ಇನ್ನೂ ಕಷ್ಟ. ನಾನು ಅಳುತ್ತ ಕಲೆಯ ಕಥೆ ಹೇಳಿದ ಮೇಲೆ ಅವರ ಮುಖ ಬದಲಾಯಿತು. ಸದರ್ ಪೇಟೆಯಲ್ಲಿ, ಚರ್ಚಿನ ಹಿಂದಿನ ಗಲ್ಲಿಯಲ್ಲಿ, ಮಿಲಿಟರಿ ಆಸ್ಪತ್ರೆಯಿಂದ ರಿಟೈರಾಗಿ ಬಂದ ಒಬ್ಬ ಲೇಡಿ ಡಾಕ್ಟರ್ ಇದ್ದಾರೆ, ತಾಯಿಯನ್ನು ಕರೆದುಕೊಂಡು ಹೋಗು ಎಂದರು. ಎಲ್ಲರೂ ಅವರನ್ನು ಡಾಕ್ಟರ್‌ಬಾಯಿ ಎನ್ನುತ್ತಿದ್ದರು. ಅವರಿಗೆ ಇಂಗ್ಲಿಷು ಮತ್ತು ದಂಡಿನ ಹಿಂದಿ, ಅವ್ವನಿಗೆ ಕನ್ನಡ ಮತ್ತು ಸಂತೆಯ ಹಿಂದಿ. ನಡುವೆ ನಾನು. ಡಾಕ್ಟರ್‌ಬಾಯಿ ಬಟ್ಟೆ ಯಾವುದರಲ್ಲಿ ಒಗೆಯುತ್ತೀರಿ ಎಂದು ಕೇಳಿದರು, ಸೋಡಾ ಎಂದೊಡನೆ ಕಣ್ಣರಳಿಸಿದರು. ಒಂದು ಟ್ಯೂಬಿನಲ್ಲಿ ನಾನು ಸೀಸೆಯಲ್ಲಿ ತಂದಿದ್ದನ್ನು ಹಾಕಿ, ಸೋಡಾದಂಥದೇ ಯಾವುದೋ ದ್ರವದ ಕೆಲವು ಹನಿ ಬಿಟ್ಟು ಸುಮ್ಮನೆ ಹಿಡಿದರು. ಮೇಲಿನಿಂದ, ಗಾಳಿ ತಾಕುವ ಕಡೆಯಿಂದ, ಕಪ್ಪು ಮೆಲ್ಲಗೆ ಕೆಳಗಿಳಿಯಿತು. ಅವರಿಗೆ ಬಹಳ ವರ್ಷದ ಮೇಲೆ ಹಳೆಯ ಗೆಳೆಯ ಸಿಕ್ಕಂಥ ಸಂತೋಷ. ನಾನು ಕುರ್ಚಿಯಲ್ಲಿ ಕರಗಿ ಹೋಗುತ್ತಿದ್ದೆ.

"ಆರ್ ದ ಪೇರೆಂಟ್ಸ್ ರಿಲೇಟೆಡ್? ಆಸ್ಕ್ ಯುವರ್ ಮದರ್."

ನಾನು ಅವ್ವನ ಕಡೆ ತಿರುಗಿ, ನೀನೂ ಅಪ್ಪನೂ ಮದುವೆಗೆ ಮುಂಚೆ ಸಂಬಂಧಿಕರೇ ಎಂದು ಕೇಳುತ್ತಿದ್ದಾರೆ ಎಂದೆ. ಅವ್ವ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು.

"ಇಲ್ಲ ಅನ್ನು."

"ಅವ್ವಾ..."

"ಇಲ್ಲ ಅನ್ನು ಅಂದ್ನಿ."

"ನೋ, ಡಾಕ್ಟರ್," ಎಂದೆ. ಡಾಕ್ಟರ್‌ಬಾಯಿ, ವಿಚಿತ್ರ, ಎನ್ನುವಂತೆ ಹುಬ್ಬೇರಿಸಿ ಕಾಗದದ ಮೇಲೆ ಏನೋ ಗೀಚಿದರು. ಸೋಡಾ ಬಿಡಿ, ಬೇಳೆ ಹಾಲು ಕಡಿಮೆ ಮಾಡಿ, ಸಕ್ಕರೆ ಕಾಯಿಲೆ ಇಲ್ಲ, ಬೇಕಾದಷ್ಟು ಸಿಹಿ ತಿನ್ನಲಿ ಎಂದರು. ನಾವು ಎದ್ದೆವು. ಬಾಗಿಲ ಪರದೆಯವರೆಗೆ ಹೋದ ಅವ್ವ ಅಲ್ಲಿ ನಿಂತಳು. ಹೊರಗೆ ಬೆಂಚಿನ ಮೇಲೆ ಐದಾರು ಜನ ಪೇಷೆಂಟುಗಳು. ಅವಳು ತಿರುಗಿ, ನನ್ನನ್ನು ನಡುವೆ ಇಟ್ಟುಕೊಳ್ಳದೆ, ತನಗೆ ಬರುವ ಹಿಂದಿಯಲ್ಲಿ ತಾನೇ ಹೇಳಿದಳು.

"ಡಾಕ್ಟರ್‌ಬಾಯಿ, ಲಡಕೀ ಕಾ ಬಾಪ್ ಮೇರಾ ಮಾಮಾ ಹೈ. ಸಗಾ ಮಾಮಾ."

ಬೆಂಚಿನ ಮೇಲಿನ ಒಬ್ಬ ಹೆಂಗಸು ಪರದೆಯ ಸಂದಿನಿಂದ ಇಣುಕಿದಳು. ಡಾಕ್ಟರ್‌ಬಾಯಿ ಶೀ ಎನ್ನಲಿಲ್ಲ, ಹುಬ್ಬನ್ನೂ ಏರಿಸಲಿಲ್ಲ. ಬೈಠೋ ಬಹನ್, ಎಂದು ಕುರ್ಚಿ ಎಳೆದರು. ಆಮೇಲೆ ನನಗೆ ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದರು. ಇದು ಇನ್‌ಬಾರ್ನ್ ಎರರ್, ಹುಟ್ಟಿನೊಂದಿಗೆ ಬಂದದ್ದು. ಎರರ್ ಎಂದರೆ ನಮ್ಮ ಸ್ಕೂಲಿನಲ್ಲಿ ಕೆಂಪು ಮಸಿಯ ಗೆರೆ, ಅದನ್ನು ಹತ್ತು ಸಲ ತಿದ್ದಿ ಬರೆದರೆ ಹೋಗುತ್ತಿತ್ತು. ಇದು ಹೋಗುವಂಥದಲ್ಲ. ಮತ್ತೆ ಒಂದು ಮಾತು, ನಿನ್ನ ತಾಯಿಗೆ ಸರಿಯಾಗಿ ಹೇಳು ಎಂದರು. ಈ ತಪ್ಪು ನಿನ್ನ ತಂದೆಯಲ್ಲೂ ತಾಯಿಯಲ್ಲೂ ಅರ್ಧರ್ಧ ಅಡಗಿತ್ತು, ಒಂದೇ ಮನೆತನದ ರಕ್ತವಾದ್ದರಿಂದ ಎರಡು ಅರ್ಧಗಳು ನಿನ್ನಲ್ಲಿ ಕೂಡಿಕೊಂಡವು. ನೀನು ಮನೆಯೊಳಗೆ ಮದುವೆಯಾಗಬೇಡ. ನಾನು ಕನ್ನಡಕ್ಕೆ ತಿರುಗಿಸಿದೆ. ಕೊನೆಯ ವಾಕ್ಯ ಹೇಳುವಾಗ ಅವ್ವ ನನ್ನನ್ನು ನೋಡುತ್ತಿರಲಿಲ್ಲ, ಟ್ಯೂಬನ್ನು ನೋಡುತ್ತಿದ್ದಳು.

ಮನೆಗೆ ಬಂದು ನಾನು ಅಪ್ಪನಿಗೆ ಹೇಳಲು ಹೋದೆ, ಡಾಕ್ಟರ್‌ಬಾಯಿಯ ಇಂಗ್ಲಿಷು ನನ್ನ ಕನ್ನಡಕ್ಕೆ ಸಿಗಲಿಲ್ಲ. ಅಪ್ಪನೇ ಯಾರ್ಡಿನ ಭಾಷೆಯಲ್ಲಿ ಕೇಳಿ ಕೇಳಿ ಬಿಡಿಸಿದ. ಮುಂದೆ ಬಯೋಕೆಮಿಸ್ಟ್ರಿ ಓದಿ, ಅದನ್ನೇ ಕಾಲೇಜಿನಲ್ಲಿ ಕಲಿಸಿದರೂ, ಅಪ್ಪನ ಚಿತ್ರಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ. ದೊಡ್ಡ ಯಾರ್ಡುಗಳಲ್ಲಿ ಒಂದು ದಿಬ್ಬ ಇರುತ್ತದೆ. ಇಂಜಿನ್ನು ವ್ಯಾಗನ್ನನ್ನು ದಿಬ್ಬದ ನೆತ್ತಿಯವರೆಗೆ ದೂಡಬೇಕು, ಆಮೇಲೆ ಅದು ತಾನಾಗಿ ಇಳಿಯುತ್ತದೆ. ನಾವು ತಿಂದ ಅನ್ನವೂ ಹಾಗೆಯೇ. ಅದರಲ್ಲಿ ಶಕ್ತಿ ಇದೆ, ಉರಿಯಲು ಸಿದ್ಧವಿದೆ, ಆದರೆ ನಡುವೆ ದಿಬ್ಬ. ಶೇಗಡಿಯ ಮೇಲಾದರೆ ಉರಿ ಹಚ್ಚಿ ದಿಬ್ಬ ಹತ್ತಿಸಬಹುದು. ಮೈಯೊಳಗೆ ಅಷ್ಟು ಉರಿ ಇಟ್ಟರೆ ನಾವೇ ಬೇಯುತ್ತೇವೆ. ಅದಕ್ಕೆ ಪ್ರತಿ ಜೀವಕೋಶದೊಳಗೂ ಸಾವಿರಾರು ಬಗೆಯ ಎನ್‌ಜೈಮುಗಳು. ಅವು ದಿಬ್ಬವನ್ನೇ ತಗ್ಗಿಸುತ್ತವೆ, ಮೈಯ ಈ ಸಣ್ಣ ಬೆಚ್ಚಗಿನಲ್ಲೇ ವ್ಯಾಗನ್ನು ಆಚೆಗೆ ಉರುಳುತ್ತದೆ. ಒಂದೇ ಸಲಕ್ಕೆ ಭಗ್ಗನೆ ಉರಿಯುವುದಿಲ್ಲ. ಒಂದು ದಿಬ್ಬ, ಒಂದು ಇಳಿಜಾರು, ಮತ್ತೆ ಒಂದು ದಿಬ್ಬ. ಇಳಿಜಾರಿನಲ್ಲಿ ಸಿಕ್ಕ ಶಕ್ತಿಯಲ್ಲಿ ಒಂದಿಷ್ಟನ್ನು ಮೈ ಹಿಡಿದಿಟ್ಟುಕೊಂಡು, ಮುಂದೆ ತಾನಾಗಿ ಏರಲಾರದ ಯಾವುದೋ ಕೆಲಸವನ್ನು ಅದರಿಂದ ದೂಡಿಸುತ್ತದೆ. ಪ್ರತಿ ದಿಬ್ಬಕ್ಕೂ ಅದರದೇ ಎನ್‌ಜೈಮು, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ, ಯಾರ್ಡಿನಲ್ಲಿ ಹಳಿ ತಿರುಗಿಸುವ ಪಾಯಿಂಟ್ಸ್‌ಮನ್‌ಗಳ ಹಾಗೆ.

"ಅಂದ್ರ ನಿನ್ನ ಯಾರ್ಡಿನ್ಯಾಗ ಒಬ್ಬ ಪಾಯಿಂಟ್ಸ್‌ಮನ್ ಡ್ಯೂಟಿಗೆ ಬಂದಿಲ್ಲ," ಎಂದ ಅಪ್ಪ. "ಹಿಂದಿನ ವ್ಯಾಗನ್ ಎಲ್ಲಾ ಅಲ್ಲೇ ಬಂದ ನಿಂತಾವ. ಬರೋಬರ್?"

ಬರೋಬರ್. ಬೇಳೆಯಿಂದ, ಹಾಲಿನಿಂದ ಹೊರಟ ಒಂದು ಪದಾರ್ಥ ಮೈಯೊಳಗೆ ಹಲವು ದಿಬ್ಬ ದಾಟಿ ಪೂರ್ತಿ ಉರಿದು ಹೋಗಬೇಕು. ನನ್ನಲ್ಲಿ ಒಂದು ದಿಬ್ಬದ ಹತ್ತಿರ ಕೆಲಸದವನಿಲ್ಲ. ಅರ್ಧ ದಾರಿಯಲ್ಲಿ ನಿಂತದ್ದು ಮೂತ್ರದಲ್ಲಿ ಹೊರಬೀಳುತ್ತದೆ, ಸೋಡಾ ತಾಗಿದ ಬಟ್ಟೆಯ ಮೇಲೆ ಗಾಳಿಯ ಜೊತೆ ಸೇರಿ ಕಪ್ಪಾಗುತ್ತದೆ. ನನ್ನೊಳಗೆ ಉರಿಯಬೇಕಾದದ್ದು ಬಚ್ಚಲಿನ ಹಗ್ಗದ ಮೇಲೆ ಉರಿಯುತ್ತಿತ್ತು. ಇಷ್ಟು ತಿಳಿದ ಮೇಲೆ ನಾಚಿಕೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಮೊದಲು ಅದು ನನ್ನೊಬ್ಬಳ ಕಲೆಯಾಗಿತ್ತು, ಈಗ ಅಪ್ಪ ಅವ್ವನ ಮದುವೆಯ ಕಲೆಯಾಯಿತು. ಅಪ್ಪನಿಗೂ ಅದು ಹೊಳೆದಿರಬೇಕು. ಆ ಒಂದು ಪ್ರಶ್ನೆಯ ಮೇಲೆ ಅವನು ಮತ್ತೇನೂ ಕೇಳಲಿಲ್ಲ.

ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅಜ್ಜಿ ಬಂದಳು, ಜೋಳದ ಹಿಟ್ಟು, ಅಗಸಿ ಚಟ್ನಿ, ಟ್ರಂಕಿನ ತಳದಲ್ಲಿ ನನಗೆಂದು ಒಂದು ಇಳಕಲ್ ಸೀರೆ ಹೊತ್ತು. ನಿಶ್ಚಯ ಮಾಡಿಕೊಂಡೇ ಹೋಗುವುದು ಎಂದು ಬಂದಿದ್ದಳು. ಮಧ್ಯಾಹ್ನ ಅಡುಗೆಮನೆಯಲ್ಲಿ ಅಪ್ಪ, ಶಂಕರಮಾಮಾ ಊಟಕ್ಕೆ ಕೂತಿದ್ದರು. ಅಜ್ಜಿ ಕಂಬಕ್ಕೆ ಒರಗಿದ್ದಳು. ಅವ್ವ ರೊಟ್ಟಿ ತಟ್ಟುತ್ತಿದ್ದಳು. ನಾನು ನೀರು ಬಡಿಸುವವಳು.

"ಹುಡುಗಿ ಮೆಟ್ರಿಕ್ ಆತು. ಶಂಕರಗ ನೌಕರಿ ಆತು. ಇನ್ನ ಯಾತರ ದಾರಿ ಕಾಯೂದು?"

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಅದರ ಮೇಲೆಯೇ ಕಣ್ಣಿಟ್ಟು ಹೇಳಿದಳು.

"ಯವ್ವಾ, ಸುಮಾನ್ನ ಶಂಕರಗ ಕೊಡಾಂಗಿಲ್ಲ."

"ಯಾಕ? ಅಂವಗೇನ ಕೈಯಿಲ್ಲೋ, ಕಾಲಿಲ್ಲೋ?"

"ಡಾಕ್ಟರ್‌ಬಾಯಿ ಬ್ಯಾಡ ಅಂದಾಳ. ರಕ್ತ ಭಾಳ ಸಮೀಪ ಆಗತೈತಿ ಅಂತ."

"ನಿಂದೂ ಹಂಗ ಆಗೇತಲ್ಲ," ಎಂದಳು ಅಜ್ಜಿ. "ನನ್ನ ತಮ್ಮನ ಮನ್ಯಾಗ ನಿನಗೇನ ಕಡಿಮಿ ಆಗೇತಿ? ಇಲ್ಲೇ ಕುಂತಾನ, ಅಂವನ ಮುಂದ ಹೇಳು."

ಅಜ್ಜಿ ಕಾಲು ಚಾಚಿ ಕೂತು ಉತ್ತರಕ್ಕೆ ಕಾದಳು. ಅವ್ವನಿಗೆ ದಾರಿ ಇರಲಿಲ್ಲ. ನನ್ನನ್ನು ಉಳಿಸಬೇಕೆಂದರೆ ತನ್ನ ಮದುವೆಯೇ ತಪ್ಪು ಎಂದು ಗಂಡನ ತಟ್ಟೆಯ ಮುಂದೆ ಹೇಳಬೇಕು. ಅಪ್ಪ ರೊಟ್ಟಿಯನ್ನು ಮುರಿದು ಪಲ್ಯದಲ್ಲಿ ಅದ್ದಿ, ಬಾಯಿಗೆ ಒಯ್ಯದೆ ಹಿಡಿದಿದ್ದ. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು.

"ನನಗೇನೂ ಕಡಿಮಿ ಆಗಿಲ್ಲ," ಎಂದಳು ಅವ್ವ. "ಕಡಿಮಿ ಆಗಿದ್ದು ಇಕಿಗೆ."

"ಇಕಿಗೇನ ಧಾಡಿ? ಗುಂಡಕಲ್ಲ ಆಗ್ಯಾಳ."

ಅವ್ವ ಹಂಚು ಇಳಿಸಿದಳು. ಕೈ ತೊಳೆದು ನನ್ನ ರಟ್ಟೆ ಹಿಡಿದಳು, ಅಜ್ಜಿಯನ್ನು ಎಬ್ಬಿಸಿದಳು. ಏನು ಮಾಡಲಿದ್ದಾಳೆಂದು ತಿಳಿದಾಗ ನಾನು, ಬ್ಯಾಡವಾ, ಪ್ಲೀಸ್, ಪ್ಲೀಸ್ ಎಂದೆ, ಎರಡೂ ಭಾಷೆಯಲ್ಲಿ. ಅವಳಿಗೆ ಓದು ಬರುತ್ತಿರಲಿಲ್ಲ. ತಾಯಿಯ ಮುಂದೆ ಇಡಲು ಅವಳ ಹತ್ತಿರ ಇದ್ದ ಪುರಾವೆ ಅದೊಂದೇ. ಬಚ್ಚಲಿನಲ್ಲಿ ಒಂದು ಗಾಜಿನ ಲೋಟ, ಒಂದು ಚಿಟಿಕೆ ಸೋಡಾ. ಬಾಗಿಲು ಪೂರ್ತಿ ಹಾಕಿಕೊಳ್ಳುತ್ತಿರಲಿಲ್ಲ, ಅಡುಗೆಮನೆಗೂ ಬಚ್ಚಲಿಗೂ ನಡುವೆ ಅಂಗಳದ ನಾಲ್ಕು ಹೆಜ್ಜೆ. ಲೋಟವನ್ನು ಅವಳು ಬೆಳಕಿಂಡಿಗೆ ಎತ್ತಿ ಹಿಡಿದಳು, ಡಾಕ್ಟರ್‌ಬಾಯಿಯ ಹಾಗೆಯೇ. ಮೂವರು ಹೆಂಗಸರು ನಿಂತು ಕಪ್ಪು ಇಳಿಯುವುದನ್ನು ನೋಡಿದೆವು. ಆ ಹೊತ್ತಿನಲ್ಲಿ ಶಂಕರಮಾಮಾ ಅರ್ಧ ಊಟದಿಂದ ಎದ್ದು ಎಂಜಲ ಕೈಯಲ್ಲೇ ಮುಂದಿನ ಬಾಗಿಲಿಗೆ ಹೋದ ಸದ್ದು ಕೇಳಿಸಿತು.

"ಇದು ಯಾರದೋ ಕಣ್ಣ ತಾಗಿದ್ದು," ಎಂದಳು ಅಜ್ಜಿ. ಅವಳ ದನಿ ಮಾತ್ರ ಇಳಿದಿತ್ತು. ಹಂಡೆಯ ಕಂಠ ಹಿಡಿದು ಕೂತಳು. ಆದರೆ ಸೋಲುವ ಜಾತಿಯವಳಲ್ಲ. ಅಡುಗೆಮನೆಗೆ ವಾಪಸು ಬಂದು, ಅವ್ವನ ಕಡೆ ಬೆರಳು ಮಾಡಿ, ನನ್ನ ತಮ್ಮಗ ಕೊಟ್ಟ ನಿನ್ನ ಬಾಳೇ ಹಾಳ ಮಾಡೀನಿ ಅಂತ ಹೇಳಾಕತ್ತೀ ಏನು, ಹೌದೋ ಅಲ್ಲೋ, ಒಂದ ಮಾತ ಹೇಳು ಎಂದಳು. ಅವ್ವ ಬಾಯಿ ತೆರೆದಳು. ಅಪ್ಪ ತಲೆ ತಗ್ಗಿಸಿದ್ದ. ಆಗ ಮುಂದಿನ ಬಾಗಿಲಿನಿಂದ ಶಂಕರಮಾಮಾ ಮಾತಾಡಿದ, ಬೀದಿಗೆ ಮುಖ ಮಾಡಿಕೊಂಡು, ನಮಗೆ ಬೆನ್ನು ಕೊಟ್ಟು.

"ಯವ್ವಾ, ಅಕ್ಕಗ ಯಾಕ ಕೇಳ್ತಿ? ನನಗ ಕೇಳು. ನನಗ ಸುಮಾ ಬ್ಯಾಡ."

"ಬ್ಯಾಡ ಅಂದ್ರ?"

"ಬ್ಯಾಡ ಅಂದ್ರ ಬ್ಯಾಡ. ಇಂಥಾ ಹುಡುಗಿನ್ನ ಕಟಗೊಂಡ ನಾ ಏನ್ ಮಾಡ್ಲಿ?"

ಅಜ್ಜಿಯ ಸಿಟ್ಟೆಲ್ಲ ಅವನ ಕಡೆ ಹರಿಯಿತು. ಅವ್ವ ಹೇಳಬೇಕಾಗಿದ್ದ ಆ ಒಂದು ಮಾತು ಹೇಳದೆಯೇ ಉಳಿಯಿತು. ಅಪ್ಪ ಊಟ ಮುಗಿಸಿದ. ಇದನ್ನೆಲ್ಲ ಹೀಗೆ ಸಾಲಾಗಿ ಜೋಡಿಸಿಕೊಳ್ಳಲು ನನಗೆ ಬಹಳ ವರ್ಷ ಬೇಕಾದವು. ಅಂದು ನನಗೆ ಕೇಳಿಸಿದ್ದು ‘ಇಂಥಾ ಹುಡುಗಿ’ ಎಂಬುದೊಂದೇ. ನಾನು ಬೇಡಿಕೊಂಡಿದ್ದು ಸಿಕ್ಕಿತ್ತು, ಇನ್ನು ಕುಂದಾಗೆ ಮುಖ ತೋರಿಸಬಹುದಿತ್ತು, ಕಾಲೇಜಿಗೆ ಹೋಗಬಹುದಿತ್ತು. ಆದರೂ ಬಚ್ಚಲಿನ ನೆಲದ ಮೇಲೆ ಕೂತು, ಲೋಟ ತೊಳೆದು, ಮತ್ತೆ ತೊಳೆದು, ಯಾರಿಗೂ ಬೇಡವಾದವಳು ಎಂದು ಅತ್ತೆ. ವಾರದೊಳಗೆ ಅವನು ಸೋಲಾಪುರದ ಲಾರಿ ಆಫೀಸಿಗೆ ಬದಲಿ ಮಾಡಿಸಿಕೊಂಡು ಹಸಿರು ಟ್ರಂಕಿನೊಂದಿಗೆ ಹೊರಟುಹೋದ. ಎರಡು ವರ್ಷಕ್ಕೆ ಕಲಬುರ್ಗಿ ಕಡೆಯ, ನಮಗೇನೂ ಆಗಬೇಕಿಲ್ಲದ ಒಬ್ಬ ಹುಡುಗಿಯನ್ನು ಮದುವೆಯಾದ. ಕುಲದ ಮಾತು ಮೀರಿದ್ದಕ್ಕೆ ಅಜ್ಜಿ ಆ ಮದುವೆಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ, ಕಾಲೇಜಿನ ಪ್ರಾಕ್ಟಿಕಲ್ಸ್ ನೆಪ ಹೇಳಿದೆ.

ಕಾಲೇಜಿನಲ್ಲಿ ಕಲಿಸುವಾಗ ಎನ್‌ಜೈಮಿನ ಪಾಠಕ್ಕೆ ಈ ರೋಗವೇ ಎಲ್ಲರೂ ಕೊಡುವ ಉದಾಹರಣೆ. ನಾನೂ ಕೊಡುತ್ತಿದ್ದೆ. ಒಬ್ಬ ಪೇಷೆಂಟ್, ಎನ್ನುತ್ತಿದ್ದೆ. ಅಂಥವರ ಕಿವಿಯ ಮೃದ್ವಸ್ಥಿ ವಯಸ್ಸಾದಂತೆ ನೀಲಿಗಪ್ಪಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದು, ಕೂದಲನ್ನು ಕಿವಿಯ ಮೇಲೆ ಎಳೆದುಕೊಂಡು ಮಕ್ಕಳ ಕಡೆ ತಿರುಗುತ್ತಿದ್ದೆ. ಕೊನೆಗೆ ಮೊಣಕಾಲು ಹೇಳಿಬಿಟ್ಟಿತು. ಆಪರೇಷನ್ ಮಾಡಿದವನು ಬೆಂಗಳೂರಿನಿಂದ ಬಂದ ಹುಡುಗ, ಕನ್ನಡದವರೆಂದು ಖುಷಿಪಟ್ಟವನು. ಮರುದಿನ ಫೋನಿನಲ್ಲಿ ಫೋಟೋ ತೋರಿಸಿದ.

"ಆಂಟಿ, ನಿಮ್ಮ ಮಂಡಿ ಒಳಗೆ ಇದ್ದಿಲು ಇತ್ತು ಅಂದ್ಕೊಳ್ಳಿ. ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಇಷ್ಟು ವರ್ಷ ಗೊತ್ತಿರ್ಲಿಲ್ವಾ?"

ಗೊತ್ತಿತ್ತು, ಎಂದೆ. ಹಾಗಂತ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆ ಸುದ್ದಿ ಕೇಳಿ ಶಂಕರಮಾಮಾ ಸೋಲಾಪುರದಿಂದ ಬಂದ, ಒಬ್ಬನೇ, ಮಗ ಬೇಡವೆಂದರೂ ಕೇಳದೆ. ಅಷ್ಟು ಹೊತ್ತಿಗೆ ಅಪ್ಪ, ಅವ್ವ, ಅಜ್ಜಿ ಯಾರೂ ಇರಲಿಲ್ಲ. ಅವನ ಕಣ್ಣಿಗೆ ಪೊರೆ ಬಂದಿತ್ತು, ಬೆನ್ನು ಬಾಗಿತ್ತು. ನಾನು ಕೋಲೂರಿ ಅಡುಗೆಮನೆಗೆ ಹೋಗಿ ಚಹಾ ಮಾಡಿದೆ, ಅವನು ಹಿಂದೆಯೇ ಬಂದು ಕುರ್ಚಿ ಎಳೆದು ಕೂತ. ಮಕ್ಕಳ ವಿಷಯ ಹೇಳಿದ, ಎಲ್ಲರೂ ಆರೋಗ್ಯ. ನನ್ನ ಕಾಲಿನ ಕಥೆಯನ್ನು ಪೂರ್ತಿ ಕೇಳಿಸಿಕೊಂಡ. ನಾನು ಮದುವೆಯಾಗಲಿಲ್ಲವೇಕೆಂದು ಎಲ್ಲರೂ ಕೇಳುತ್ತಾರೆ, ಅವನು ಕೇಳಲಿಲ್ಲ. ಚಹಾ ಸೋಸುವಾಗ ನನ್ನ ಬೆನ್ನಿಗೆ ಹೇಳಿದ.

"ಸುಮಾ, ಅವತ್ತ ನಾ ಬ್ಯಾಡ ಅಂದಾಗ ನಿನ್ನ ಮಾರಿ ನೋಡಲಿಲ್ಲ ನೋಡು."

ನಾನು ಸೋಸಣಿಗೆಯನ್ನು ಲೋಟದ ಅಂಚಿಗೆ ತಟ್ಟಿದೆ.

"ನೋಡಿದ್ರ ಹೇಳಾಕ ಆಗತಿದ್ದಿಲ್ಲ. ಅಕ್ಕ ಆ ಮಾತ ಹೇಳೂ ಹಂಗ ಆಗಬಾರದಿತ್ತು, ಮಾಮಾನ ಮುಂದ. ಯಾರರೆ ಬ್ಯಾಡ ಅನ್ನಬೇಕಿತ್ತಲ್ಲ."

ಇಷ್ಟು ವರ್ಷ ಹೊತ್ತಿದ್ದ ನಾಚಿಕೆಯನ್ನು ಇಳಿಸಿಡಲು ಜಾಗ ಸಿಕ್ಕಿದಾಗ ಕೈ ಅದನ್ನು ಬಿಡಲಿಲ್ಲ. ಸಕ್ಕರೆ ಎಷ್ಟು ಎಂದು ಕೇಳಿದೆ. ಅವನು, ಹಾಕು ನಿನ್ನ ಕೈಲೆ ಎಷ್ಟ ಬರತೈತಿ ಅಷ್ಟು, ಎಂದು ನಕ್ಕ.

ಮಾರನೆಯ ದಿನ ಸ್ಟೇಷನ್ನಿಗೆ ಹೋದೆ. ಬೇಡವೆಂದ, ಆದರೂ ಹೋದೆ. ಬೋಗಿ ಹತ್ತುವಾಗ ಯಾರೋ ಹುಡುಗರು ಅವನ ರಟ್ಟೆ ಹಿಡಿದು ಎತ್ತಿಕೊಂಡರು. ಗಾಡಿ ತುಂಬಿತ್ತು, ಅವನಿಗೆ ಸೀಟು ಸಿಕ್ಕಿದ್ದು ಆಚೆ ಬದಿಯ ಕಿಟಕಿಯಲ್ಲಿ. ಜನರ ಹೆಗಲುಗಳ ನಡುವೆ ಅವನ ಬೆನ್ನು ಮತ್ತು ಬಿಳಿಯ ತಲೆ ಮಾತ್ರ ನನಗೆ ಕಾಣುತ್ತಿತ್ತು. ನಾನು ಇರುವುದು ಯಾವ ಕಡೆ ಎಂದು ಅವನಿಗೆ ಗೊಂದಲವಾಗಿರಬೇಕು, ಕಣ್ಣೂ ಸಾಲದು. ಗಾಡಿ ಅಲುಗಿದಾಗ ಅವನು ಆಚೆಯ ಪ್ಲಾಟ್‌ಫಾರ್ಮಿನ ಕಡೆ ಕೈ ಬೀಸತೊಡಗಿದ, ಅಲ್ಲಿ ಯಾರನ್ನೋ ನಾನೆಂದುಕೊಂಡು. ಕೋಲೂರಿಕೊಂಡು ನಾನು ಒಂದೆರಡು ಹೆಜ್ಜೆ ಜೊತೆಗೆ ನಡೆದೆ, ಆಮೇಲೆ ನಿಂತೆ. ಕಿಟಕಿಗಳಾಚೆ, ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡ ಒಬ್ಬ ಹೆಣ್ಣುಮಗಳು ತನ್ನ ಸುತ್ತ ಒಮ್ಮೆ ನೋಡಿ, ತನಗೇ ಇರಬೇಕೆಂದು, ಅವನಿಗೆ ತಿರುಗಿ ಕೈ ಬೀಸಿದಳು.